ಮೂರು ಫ್ರೇಮ್ ಹಿಂದೆ

ಗೋಲು ಬಿದ್ದಿತ್ತು. ಬಿದ್ದ ಮರುಕ್ಷಣವೇ ಅಕ್ಕ ಆಫ್‌ಸೈಡ್ ಎಂದು ಬಾವುಟ ಎತ್ತಿದ್ದಳು.

ಮೈದಾನದ ಹೊರಗೆ ನಿಂತ ವ್ಯಾನಿನೊಳಗೆ ತಂಗಿ ವಿಡಿಯೊವನ್ನು ಹಿಂದಕ್ಕೆ ತಿರುಗಿಸಿದಳು. ಪರದೆಯ ಮೇಲೆ ಆಫ್‌ಸೈಡ್ ಗೆರೆ ಎಳೆಯುವುದು ಅವಳ ಕೆಲಸ. ಅಂಚಿನಲ್ಲಿ ಬಾವುಟ ಹಿಡಿದು ಓಡುವುದು ಅಕ್ಕನ ಕೆಲಸ. ಹನ್ನೊಂದು ವರ್ಷದಿಂದ ಓಡುತ್ತಿದ್ದಾಳೆ. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ. ಆದರೆ ಈ ವಿಡಿಯೊ ಪರಿಶೀಲನೆ ಬಂದ ಮೇಲೆ ಹೊಸದೊಂದು ನಿಯಮ ಬಂದಿದೆ: ಒಂದೇ ಹಂಗಾಮಿನಲ್ಲಿ ಮೂರು ಬಾವುಟ ತಪ್ಪೆಂದು ಸಾಬೀತಾದರೆ ಕೆಳಗಿನ ದರ್ಜೆಗೆ ಇಳಿಸುತ್ತಾರೆ. ಅಕ್ಕನದು ಆಗಲೇ ಎರಡು ಆಗಿತ್ತು.

ಪಕ್ಕದ ಕುರ್ಚಿಯಲ್ಲಿದ್ದ ವಿಡಿಯೊ ರೆಫರಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. "ಅಕ್ಕ ಅಂತ ನೋಡ್ಬೇಡ," ಎಂದರು. "ಪಾಸ್ ಕೊಟ್ಟವನ ಕಾಲು ಚೆಂಡಿಗೆ ಮೊದ್ಲು ತಾಗಿದ ಫ್ರೇಮ್ ಹುಡ್ಕು. ಮುಂದಿದ್ದವನು ಆಗ ಕೊನೇ ಡಿಫೆಂಡರನ್ನ ದಾಟಿದ್ನಾ ಇಲ್ವಾ, ಅಷ್ಟೇ."

ಕಿವಿಯ ಇಯರ್‌ಫೋನಿನಲ್ಲಿ ಮೈದಾನದ ರೆಫರಿ ಗೊಣಗಿದ. "ಬೇಗ ಹೇಳಿ ಮೇಷ್ಟ್ರೇ. ಇಪ್ಪತ್ತೆರಡು ಜನ ಸೇರ್ಕೊಂಡು ನನ್ನ ತಲೆ ತಿಂತಿದಾರೆ."

"ತಿನ್ನೋಕೆ ಅದ್ರಲ್ಲಿ ಏನಿದೆಯಂತೆ," ಎಂದಳು ಅಕ್ಕ. ಒಬ್ಬರು ಆಡಿದ್ದು ಎಲ್ಲರ ಇಯರ್‌ಫೋನಿಗೂ ಕೇಳಿಸುತ್ತಿತ್ತು. ಮಾತು ಎಂದಿನದೇ, ದನಿ ಮಾತ್ರ ಒಣಗಿತ್ತು.

ದೊಡ್ಡ ಕ್ಯಾಮೆರಾದಲ್ಲಿ ಪಾಸ್ ಕೊಟ್ಟವನ ಕಾಲಿಗೆ ಇನ್ನೊಬ್ಬನ ಬೆನ್ನು ಅಡ್ಡ ಬಂದಿತ್ತು. ಆ ಬೆನ್ನಿನಾಚೆಯಿಂದ ಚೆಂಡು ಇಣುಕಿದ ಫ್ರೇಮಿಗೆ ತಂಗಿ ನಿಲ್ಲಿಸಿ, ಗೆರೆ ಎಳೆದಳು. ಮುಂದಿದ್ದವನ ಮೊಣಕಾಲು ಅರ್ಧ ಗೇಣು ಆಚೆ.

"ಆಫ್‌ಸೈಡೇ. ಗೋಲಿಲ್ಲ," ಮೇಷ್ಟ್ರು ಮೈಕಿಗೆ ಹೇಳಿದರು. ಅಕ್ಕ ಉಸಿರು ಬಿಟ್ಟ ಸದ್ದು ವ್ಯಾನಿನವರೆಗೂ ಬಂತು.

ಗೋಲ್‌ಕೀಪರ್ ಫ್ರೀ ಕಿಕ್ಕಿಗೆಂದು ಚೆಂಡು ಇಟ್ಟ. ಮನಸ್ಸು ತಡೆಯದೆ ತಂಗಿ ಗೋಲಿನ ಹಿಂದಿನ ಕ್ಯಾಮೆರಾ ತಿರುವಿ ನೋಡಿದಳು. ಅದರಲ್ಲಿ ಬೆನ್ನಿನ ಅಡ್ಡಿ ಇರಲಿಲ್ಲ. ಕಾಲು ಚೆಂಡಿಗೆ ತಾಗಿದ್ದು ಮೂರು ಫ್ರೇಮ್ ಹಿಂದೆ. ಅವಳು ನಿಲ್ಲಿಸಿದ್ದು ಚೆಂಡು ಕಾಲನ್ನು ಬಿಟ್ಟು ಹೊರಟ ಮೇಲೆ. ಮೂರು ಫ್ರೇಮ್ ಹಿಂದಕ್ಕೆ ಹೋದರೆ ಓಡುತ್ತಿದ್ದವನು ಇನ್ನೂ ಡಿಫೆಂಡರನ ಈಚೆಗೇ ಇದ್ದ.

ಆಟ ಮತ್ತೆ ಶುರುವಾದರೆ ಈ ತೀರ್ಪನ್ನು ಯಾರೂ ಮುಟ್ಟುವಂತಿಲ್ಲ. ಗೋಲ್‌ಕೀಪರ್ ನಾಲ್ಕು ಹೆಜ್ಜೆ ಹಿಂದೆ ಸರಿದ. ಅವಳು ಬಾಯಿ ಬಿಡಬೇಕಾಗಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು.

"ಮೇಷ್ಟ್ರೇ, ತಪ್ಪಾಗಿದೆ. ಆಟ ನಿಲ್ಸಿ."

"ಏನಾಗಿದೆ?"

"ಫ್ರೇಮ್ ತಪ್ಪು ಹಿಡಿದೆ. ಆಮೇಲೆ ಬೈರಿ, ಮೊದ್ಲು ನಿಲ್ಸಿ."

ಮೇಷ್ಟ್ರು ಮೈಕಿನ ಗುಂಡಿ ಅದುಮಿ ರೆಫರಿಗೆ ಹೇಳಿದರು. ಸೀಟಿ ಕೇಳಿಸಿದಾಗ ಗೋಲ್‌ಕೀಪರ್ ಚೆಂಡಿಗೆ ಒಂದೇ ಹೆಜ್ಜೆ ದೂರದಲ್ಲಿದ್ದ.

ಗೆರೆ ಹೊಸದಾಗಿ ಎಳೆದಾಯಿತು. ಗೋಲು ಕೊಟ್ಟಾಯಿತು. ಜನರ ಗದ್ದಲಕ್ಕೆ ವ್ಯಾನಿನ ತಗಡು ಅದುರಿತು.

"ಯಾರು ನೋಡಿದ್ದು?" ಕಿವಿಯಲ್ಲಿ ಅಕ್ಕ ಕೇಳಿದಳು.

"ನಾನೇ."

"ಎಷ್ಟಿತ್ತು?"

"ಮೂರು ಫ್ರೇಮು. ರೆಪ್ಪೆ ಬಡಿಯೋವಷ್ಟೂ ಇಲ್ಲ ಅಕ್ಕ."

"ನಂಗಿರೋದು ಎರಡು ಕಣ್ಣು ಕಣೇ. ಹಿಂದಕ್ಕೆ ತಿರುಗಿಸೋ ಗುಂಡಿ ಅದ್ರಲ್ಲಿಲ್ಲ." ಆಮೇಲೆ, "ಅಳ್ತಾ ಕೂರ್ಬೇಡ. ಇನ್ನೂ ಇಪ್ಪತ್ತು ನಿಮಿಷ ಇದೆ."

ಎಂಟು ನಿಮಿಷ ಕಳೆದ ಮೇಲೆ ಇನ್ನೊಬ್ಬ ನುಗ್ಗಿ ಗೋಲು ಹೊಡೆದ. ಅಕ್ಕನ ಬಾವುಟ ಮೇಲಕ್ಕೆ ಹೋಯಿತು, ಒಂದಿಷ್ಟೂ ಅನುಮಾನಿಸದೆ. ತಂಗಿ ಈ ಸಲ ಎಲ್ಲ ಕ್ಯಾಮೆರಾಗಳನ್ನೂ ತಿರುವಿ ಹಾಕಿದಳು. ಮೇಷ್ಟ್ರು ಅವಸರ ಮಾಡಲಿಲ್ಲ.

"ಅಕ್ಕ ಸರಿ," ಎಂದಳು. ಇನ್ನೊಮ್ಮೆ ನೋಡಿ, ಮತ್ತೆ ಹೇಳಿದಳು. ಅದರಿಂದ ಅಕ್ಕನ ಮೂರು ತಪ್ಪು ಎರಡಾಗುವಂತಿರಲಿಲ್ಲ. ಪರದೆಯಲ್ಲಿ ಅಕ್ಕ ಬಾವುಟ ಇಳಿಸಿ, ಮಂಡಿ ಒತ್ತಿಕೊಂಡು, ಅಂಚಿನುದ್ದಕ್ಕೂ ಓಡತೊಡಗಿದ್ದಳು.