ಪಟ್ಟಿ ಬಿಚ್ಚುವ ಮೊದಲಿನ ಹಾರ

ಅಥವಾ ಆ ಬಾಯಿ ತನ್ನದೇ ಅಲ್ಲವೇನೋ, ಇಷ್ಟಗಲ ತಾನು ಯಾವತ್ತು ಬಾಯಿ ತೆರೆದಿದ್ದ — ಧೋಂಡಿರಾಮ ಫುಲಾರಿ ಕತ್ತನ್ನು ಬಲಕ್ಕೆ ಹೊರಳಿಸಿ, ಉಳಿದಿರುವ ಎಡಗಣ್ಣನ್ನು ಮೇಜಿನ ಹತ್ತಿರ ತಂದ, ಫೋಟೋದ ಹೊಳಪಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಗೆರೆಯ ಕೆಳಗೆ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕ, ಎರಡೂ ಕೈ ಮೇಲೆ, ಕೈಗಳಲ್ಲಿ ಹಾರ, ಹಾರದೊಳಗೆ ಅರ್ಧ ತೂರಿದ ಶೇಠ್‌ಜಿಯ ತಲೆ, ಮುದುಕನ ಬಾಯಿ ಮಾತ್ರ ಬಾವಿಯ ಹಾಗೆ ತೆರೆದಿದೆ, ಅದರಿಂದ ಏನು ಬರುತ್ತಿತ್ತು ಆಗ, ನೆನಪಾಗುತ್ತಿಲ್ಲ. ಇದು ನೀವೇ ತಾನೆ ಕಾಕಾ ಎಂದು ಕೋರ್ಟಿನಲ್ಲಿ ಶೇಠ್‌ಜಿಯ ಕಣ್ಣಾಸ್ಪತ್ರೆ ಟ್ರಸ್ಟಿನ ಕಡೆಯ ಬಾಪಟ್ ವಕೀಲ ಕೇಳುತ್ತಿದ್ದಾನೆ, ಎಷ್ಟು ಮೆತ್ತಗಿನ ದನಿ, ಮಗುವಿಗೆ ಔಷಧಿ ಕುಡಿಸುವವನ ದನಿ, ಹೌದು ತಾನೇ, ಹಾರವೂ ತನ್ನದೇ, ಅದಕ್ಕೆ ಕಣ್ಣೇ ಬೇಕಿಲ್ಲ, ಚೆಂಡುಹೂವಿನ ನಡುನಡುವೆ ಸುಗಂಧರಾಜ ಕೂರಿಸುವ ರೀತಿ ಸಾತಾರೆಯಲ್ಲಿ ಬೇರೆ ಯಾರದ್ದು, ಮೋತಿ ಚೌಕದ ಅಂಗಡಿಯಲ್ಲಿ ಹಿಂದಿನ ಸಂಜೆ ಕಟ್ಟಿದ್ದು, ಟ್ರಸ್ಟಿನ ಮ್ಯಾನೇಜರ್ ಕದಮ್ ಬಂದು, ಕಾಕಾ, ನಾಳೆ ನಿಮ್ಮ ಆಪರೇಷನ್ನೂ ಹೌದು, ಶೇಠ್‌ಜಿ ಹುಟ್ಟುಹಬ್ಬವೂ ಹೌದು, ಹಾರ ನಿಮ್ಮ ಕೈಯದ್ದೇ ಆಗ್ಲಿ ಬಿಡಿ ಅಂದಾಗ ಎಷ್ಟು ಹಿಗ್ಗಿದ್ದ, ಕೇಳದಿದ್ದರೂ ನಡುವೆ ಗುಲಾಬಿಯ ಗೊಂಡೆ ಇಟ್ಟ, ಪುಕ್ಕಟೆ ಕಣ್ಣು ಕೊಡುತ್ತಾರೆ, ತಾನು ಒಂದು ಗೊಂಡೆಯನ್ನೂ ಕೊಡಬಾರದೇ ಎಂದು. ಥೂ. ಆ ಗೊಂಡೆ ಈಗ ಫೋಟೋದಲ್ಲಿ ಶೇಠ್‌ಜಿಯ ಎದೆಯ ಮೇಲೆ ಪದಕದ ಹಾಗೆ ಕೂತಿದೆ.

ಬೆಳಿಗ್ಗೆ ಆಪರೇಷನ್, ಮರುದಿನ ಪಟ್ಟಿ ಬಿಚ್ಚುವುದು, ಹಾರ ಮಾತ್ರ ಅದೇ ಸಂಜೆ, ಯಾಕೆಂದರೆ ಶೇಠ್‌ಜಿ ಸಂಜೆಯೇ ಮುಂಬೈಗೆ ಹೊರಡಬೇಕು, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ಕಣ್ಣು ಬಂದಿದೆಯೋ ಇಲ್ಲವೋ ನೋಡುವ ಮೊದಲೇ ಕಣ್ಣು ಕೊಟ್ಟವನಿಗೆ ಹಾರ, ಸೀರೆ ಉಟ್ಟು ನೋಡದೆ ಬಾಳಿಕೆ ಹೊಗಳುವ ಹಾಗೆ. ಪಕ್ಕದ ಮಂಚದ ಹೌಸಾಬಾಯಿ ಗೊಣಗಿದ್ದಳು, ಭಾವೂ, ಇವರು ನಮ್ಮನ್ನ ಮದುಮಕ್ಕಳ ಹಾಗೆ ಸಾಲಾಗಿ ನಿಲ್ಲಿಸ್ತಾರಲ್ಲೋ, ನನಗಂತೂ ಗಂಡು ಯಾರು ಅಂತಲೂ ಕಾಣ್ತಿಲ್ಲ — ನಕ್ಕಿದ್ದರು ಎಲ್ಲರೂ, ಅವನೂ ನಕ್ಕ, ನಗುವಾಗ ಪಟ್ಟಿಯ ಹಿಂದೆ ಏನೋ ಚುರುಕ್ ಅಂದಿತು. ಬೆಳಗಾಗುವಷ್ಟರಲ್ಲಿ ಹೌಸಾಬಾಯಿಯ ದಿಂಬು ಒದ್ದೆ, ಅವನ ದಿಂಬು ಒದ್ದೆ, ಕೀವು, ಗಾಡಿಯಲ್ಲಿ ಪುಣೆಗೆ ಸಾಗಿಸಿದರು, ಅಲ್ಲಿಯ ಡಾಕ್ಟರ್ ಮುಖ ಬೇರೆ ಕಡೆ ತಿರುಗಿಸಿಕೊಂಡು, ಬಾಬಾ, ತಡವಾಯ್ತು ಅಂದ. ಆಮೇಲೆ ಸರ್ಕಾರದ ತನಿಖೆಯಲ್ಲಿ ಗೊತ್ತಾದದ್ದು: ಉಪಕರಣಗಳನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಯಂತ್ರ ಈ ಪುಕ್ಕಟೆ ಕಣ್ಣಿನ ಶಿಬಿರಕ್ಕೆ ಮುಂಚೆಯೇ ಕೆಟ್ಟಿತ್ತು, ಕೆಟ್ಟದ್ದು ಅವರಿಗೆ ಗೊತ್ತಿತ್ತು, ರಿಪೇರಿಯವನು ಬರುವ ತನಕ ಶಿಬಿರ ಮುಂದೂಡಬಹುದಿತ್ತು, ಆದರೆ ಹುಟ್ಟುಹಬ್ಬವನ್ನು ಮುಂದೂಡುವುದು ಹೇಗೆ, ಒಬ್ಬರ ಕಣ್ಣಿನಿಂದ ತೆಗೆದ ಚಾಕು ಇನ್ನೊಬ್ಬರ ಕಣ್ಣಿಗೆ, ಬರೀ ನೀರಲ್ಲಿ ಅದ್ದಿ, ಹಳಸಿದ ಹೂವಿನ ಮೇಲೆ ನೀರು ಚಿಮುಕಿಸಿ ತಾಜಾ ಅನ್ನುವ ವ್ಯಾಪಾರಿಯನ್ನು ಮಾರುಕಟ್ಟೆಯಲ್ಲಿ ಬೈದು ಓಡಿಸುತ್ತೇವೆ, ಇವರಿಗೆ ಹಾರ ಹಾಕಿದೆವು.

ಈಗ ಸೂಜಿ ಹೂವಿಗೆ ಹೋಗುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ, ಬೆರಳಿಗೆ ಹೋಗುತ್ತದೆ, ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದು, ಅದೂ ಮಂಜು ಕವಿದ ಕಣ್ಣು, ಚಹಾ ಬಟ್ಟಲಿನ ಹೊರಗೆ ಬೀಳುತ್ತದೆ, ಹೆಂಡತಿ ಅನಸೂಯಾ ಒರೆಸುತ್ತಾಳೆ, ಆ ಒರೆಸುವ ಸದ್ದು. ಎದುರಿನ ಪೇಢೆ ಅಂಗಡಿಯ ಗಣಪತ್ ಅಂತೂ, ಏನಪ್ಪಾ ಫುಲಾರಿ, ನಿನಗೆ ಗಿರಾಕಿ ಅರ್ಧ ಕಾಣ್ತಾನಂತೆ, ಹಾರದ ರೇಟೂ ಅರ್ಧ ಮಾಡು — ಸರಿ, ಅದು ತಮಾಷೆ, ನಲವತ್ತು ವರ್ಷದ ಗೆಳೆಯ, ಆದರೆ ಕೇಸು ಹಾಕಿದ ಮೇಲೆ ಅವನೇ ದನಿ ತಗ್ಗಿಸಿ, ಅಲ್ಲೋ, ಪುಕ್ಕಟೆ ಸಿಕ್ಕಿದ್ದಕ್ಕೂ ಕೋರ್ಟಿಗೆ ಹೋಗ್ತಾರೇನೋ, ದಾನ ಕೊಟ್ಟವನ ಮೇಲೆ ದಾವೆಯಾ ಅಂದದ್ದು ತಮಾಷೆಯಲ್ಲ, ಅದು ಇನ್ನೂ ಒಳಗೆ ಸೂಜಿಯ ಹಾಗೆ ಮುರಿದು ಕೂತಿದೆ. ದಾನ! ಪುಕ್ಕಟೆ ಊಟ ಹಾಕಿದವನು ಅನ್ನದಲ್ಲಿ ಗಾಜು ಬೆರೆಸಬಹುದೇ, ಪುಕ್ಕಟೆ ಬಸ್ಸು ಹತ್ತಿಸಿಕೊಂಡವನು ಬ್ರೇಕಿಲ್ಲದೆ ಘಾಟಿ ಇಳಿಸಬಹುದೇ, ಬಡವನ ಕಣ್ಣು ಅಂದರೆ ಮೊದಲೇ ಹೋದ ಕಣ್ಣು ಎಂದು ಯಾರು ಬರೆದಿಟ್ಟರು. ಅವನ ವಕೀಲೆ ಮೃಣಾಲ್ ಪಿಂಗಳೆ, ಮಗಳ ವಯಸ್ಸಿನವಳು, ಸ್ಪಷ್ಟವಾಗಿ ಹೇಳಿದ್ದಾಳೆ: ಕಾಕಾ, ಆ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ದುಡ್ಡು ತಗೊಂಡು ಆಪರೇಷನ್ ಮಾಡ್ತಾರೆ, ಮೇಲಿನ ಮಹಡಿಯಲ್ಲಿ ನಿಮಗೆ ಪುಕ್ಕಟೆ ಮಾಡಿದ್ರು, ಒಂದೇ ಆಸ್ಪತ್ರೆ, ಹಾಗಿದ್ದಾಗ ಕಾನೂನಿಗೆ ಕೆಳಗಿನವರ ಕಣ್ಣೂ ಒಂದೇ, ನಿಮ್ಮ ಕಣ್ಣೂ ಒಂದೇ, ನೀವು ಬೇಡ್ತಾ ಇಲ್ಲ, ಕೇಳ್ತಾ ಇದ್ದೀರಿ. ಬೇಡುವುದಲ್ಲ, ಕೇಳುವುದು. ಎಷ್ಟು ಸಲ ಬಾಯಲ್ಲಿ ಆಡಿಸಿಕೊಂಡ ಅದನ್ನು, ರಾತ್ರಿ ಹೊರಳುತ್ತ, ಹೂ ಬಿಡಿಸುತ್ತ.

ಆದರೆ ಆ ಬಾಯಿ. ಇವತ್ತು ಒಳಗೆ ಕರೆಯುವ ಮೊದಲು ಕೋರ್ಟಿನ ವರಾಂಡದಲ್ಲಿ ಕದಮ್ ಸಾತಾರೆಯ ಕಂದಿ ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ಬಂದ, ಜೊತೆಗೊಂದು ರಾಜಿ ಕಾಗದ, ಕಾಕಾ, ಯಾಕೆ ಸುಮ್ಮನೆ ಓಡಾಟ, ಶೇಠ್‌ಜಿಗೆ ನಿಮ್ಮ ಮೇಲೆ ಬೇಜಾರಿಲ್ಲ — ಶೇಠ್‌ಜಿಗೆ, ತನ್ನ ಮೇಲೆ, ಬೇಜಾರಿಲ್ಲವಂತೆ! — ನಿಮ್ಮ ಎಡಗಣ್ಣಿಗೂ ಮೋತಿಬಿಂದು ಬಂದು ಪೊರೆ ಕಟ್ಟಿದೆಯಲ್ಲ, ಇಲ್ಲಿ ಸಹಿ ಮಾಡಿ, ನಮ್ಮಲ್ಲೇ ಪುಕ್ಕಟೆ ತೆಗೆಸಿಬಿಡೋಣ. ಅನಸೂಯಾ ಇಷ್ಟು ದಿನ ಒರೆಸುತ್ತ ಸುಮ್ಮನಿದ್ದವಳು ಪೇಢೆಯ ಪೆಟ್ಟಿಗೆಯನ್ನು ಕದಮ್‌ನ ಎದೆಗೆ ಒತ್ತಿ ಹಿಂದಕ್ಕೆ ಕೊಟ್ಟಳು, ಮೊದಲು ನಿಮ್ಮ ಶೇಠ್‌ಜಿ ಕಣ್ಣನ್ನ ಅದೇ ಚಾಕುವಲ್ಲಿ ತೆಗೆಸಿ ಬನ್ನಿ, ಆಮೇಲೆ ಇವರನ್ನ ಕಳಿಸ್ತೀನಿ ಅಂದಳು. ಮೃಣಾಲ್ ನಗು ತಡೆದುಕೊಂಡಳು, ಆಮೇಲೆ ನಗದೆ ಕೇಳಿದಳು, ಕಾಕಾ, ಫೋಟೋ ತೋರಿಸಿ ಒಂದೇ ಪ್ರಶ್ನೆ ಕೇಳ್ತಾರೆ, ನೀವು ಸಂತೋಷದಿಂದ ಧನ್ಯವಾದ ಹೇಳಿದ್ರಿ, ಆಮೇಲೆ ಯಾರೋ ಹೇಳಿಕೊಟ್ಟು ಕೇಸು ಹಾಕಿದ್ರಿ ಅಂತ, ಹೇಳಿದ್ರಾ ನೀವು? ಗೊತ್ತಿಲ್ಲ ತಾಯಿ ಅಂದ ಅವನು. ಅನಸೂಯಾ ನಿಟ್ಟುಸಿರು ಬಿಟ್ಟು, ಹೇಳಿರ್ತಾರೆ ಬಿಡು, ಕಾಲು ತುಳಿದವನಿಗೂ ಧನ್ಯವಾದ ಹೇಳೋ ಮನುಷ್ಯ ಅಂದಳು.

ಹೇಳಿದ್ದರೆ? ಹೇಳಿದ್ದರೆ ಕಣ್ಣು ಹೋದದ್ದು ಸುಳ್ಳಾಗುತ್ತದೆಯೇ, ಒಂದು ಮಾತಿಗೆ ಒಂದು ಕಣ್ಣು ವಜಾ ಆಗುತ್ತದೆಯೇ, ಕಿಟಕಿಯಲ್ಲಿ ಅಜಿಂಕ್ಯತಾರಾ ಗುಡ್ಡ, ಕತ್ತು ಸ್ವಲ್ಪ ಎಡಕ್ಕೆ ಹೊರಳಿಸಿದರೆ ಇಡೀ ಗುಡ್ಡವೇ ಇಲ್ಲ, ಬಾಪಟ್ ವಕೀಲ ಹತ್ತಿರ ಬಂದ, ಅತ್ತರಿನ ವಾಸನೆ, ಹಾರ ನೀವೇ ಹಾಕಿದ್ದು, ಹೌದು, ಯಾರೂ ಬಲವಂತ ಮಾಡಲಿಲ್ಲ, ಇಲ್ಲ, ಈಗ ಅವನ ಬೆರಳು ಫೋಟೋದ ಮೇಲೆ, ಸರಿಯಾಗಿ ಆ ಬಾಯಿಯ ಮೇಲೆ, ಇಲ್ಲಿ ನೀವು ಧನ್ಯವಾದ ಅಂತಿದ್ದೀರಿ, ಅಲ್ವಾ ಕಾಕಾ? — ತಣ್ಣಗಿನ ಹಾರ, ಒದ್ದೆ ಚೆಂಡುಹೂವು, ಮಂಜಿನಲ್ಲಿ ಎಲ್ಲೋ ಒಂದು ಕುತ್ತಿಗೆ, ಮೊಣಕೈಯನ್ನು ಯಾರೋ ಹಿಂದಿನಿಂದ ಮೇಲೆತ್ತುತ್ತಿದ್ದಾರೆ, ಕದಮ್, ಹೌದು ಕದಮ್‌ನ ಕೈ, ಕಿವಿಯ ಹತ್ತಿರ ಅವನ ಉಸಿರು, ಅನ್ನಿ ಕಾಕಾ, ಧನ್ಯವಾದ ಅನ್ನಿ, ಫೋಟೋ ತೆಗೀತಾರೆ, ಪಟ್ಟಿಯ ಹಿಂದೆ ಕೆಂಡ ಇಟ್ಟ ಹಾಗೆ, ಬಾಯಿ ತೆರೆಯಿತು, ತಾನಾಗಿಯೇ ತೆರೆಯಿತು, ಸಾಹೇಬರೇ, ಉರೀತಿದೆ, ಕಣ್ಣು ಉರೀತಿದೆ, ಯಾರಾದ್ರೂ ನೋಡಿ — ಚಪ್ಪಾಳೆ, ಹುಟ್ಟುಹಬ್ಬದ ಹಾಡು, ಕದಮ್ ಬೆನ್ನು ತಟ್ಟಿ, ಆಯ್ತು ಆಯ್ತು, ಮುಂದಿನವರು ಬನ್ನಿ. ಹೇಳಿದ್ದ. ಹೇಳಿದ್ದು ಅದನ್ನು. ಇಡೀ ವಾರ್ಡಿನ ಮುಂದೆ, ಶೇಠ್‌ಜಿಯ ಮುಖಕ್ಕೆ ಗೇಣು ದೂರದಲ್ಲಿ ನಿಂತು ಹೇಳಿದ್ದ, ಪಟ್ಟಿ ಬಿಚ್ಚಿ ನೋಡಲು ಇಡೀ ರಾತ್ರಿ ಇತ್ತು ಅವರಿಗೆ.

ಅಲ್ಲ ಸಾಹೇಬರೇ, ಎಂದ ಧೋಂಡಿರಾಮ, ದನಿ ಇಷ್ಟು ಜೋರಾಗಿ ಬಂದೀತೆಂದು ಅವನಿಗೇ ಗೊತ್ತಿರಲಿಲ್ಲ, ಮೃಣಾಲ್ ಎದ್ದು ನಿಂತಳು, ಅವನು ಮಾತ್ರ ಫೋಟೋದಿಂದ ಕಣ್ಣು ಕೀಳಲಿಲ್ಲ, ಹಾರ, ಹಾರದ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಕೆಳಗೆ ತೆರೆದ ಬಾಯಿ, ತೆರೆದ ಬಾಯಿ. ಧನ್ಯವಾದ ಎಂದು ಅವನು ಹೇಳಿಯೇ ಇರಲಿಲ್ಲ.