ಎರಡು ಮುಳ್ಳುಗಳು

ಅಕ್ಕ ಹಾರಿಸುವ ಪುಟ್ಟ ವಿಮಾನಕ್ಕೆ ಅವಳಿಗಿಂತ ಹೆಚ್ಚು ವಯಸ್ಸು. ಅದರ ರಿಪೇರಿಯೆಲ್ಲ ಮೆಕ್ಯಾನಿಕ್ ಆಗಿದ್ದ ತಂಗಿಯದು. ಈಚೆಗೆ ವಿಮಾನದ ದೀಪ ಹಾಕಿದಾಗಲೆಲ್ಲ ಪೆಟ್ರೋಲ್ ಮೀಟರಿನ ಮುಳ್ಳೂ ಎಂಜಿನ್ ಎಣ್ಣೆಯ ಬಿಸಿ ತೋರಿಸುವ ಮುಳ್ಳೂ ಒಟ್ಟಿಗೇ ಮೇಲಕ್ಕೆ ಜಿಗಿಯುತ್ತಿದ್ದವು.

"ಎರಡೂ ಕೆಟ್ಟಿವೆ, ಹೊಸದು ಹಾಕ್ಬಿಡೇ," ಎಂದಳು ಅಕ್ಕ.

"ಎರಡೂ ಮಾತಾಡ್ಕೊಂಡು ಒಂದೇ ದಿನ ಕೆಡ್ತವೇನಕ್ಕ? ಸುಮ್ನೆ ಕೂತ್ಕೊ."

ತಂಗಿ ಅಂಗಾತ ಮಲಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮೀಟರುಗಳ ಹಿಂದೆ ಕೈ ಹಾಕಿದಳು. ಎರಡಕ್ಕೂ, ದೀಪಕ್ಕೂ ಇದ್ದದ್ದು ಒಂದೇ ಅರ್ತಿಂಗ್ ತಂತಿ. ಅದರ ಸ್ಕ್ರೂ ತುಕ್ಕು ಹಿಡಿದು ಸಡಿಲವಾಗಿತ್ತು. ಚೆನ್ನಾಗಿ ಉಜ್ಜಿ ಬಿಗಿ ಮಾಡಿದಳು.

"ಈಗ ದೀಪ ಹಾಕು."

ಅಕ್ಕ ಹಾಕಿದಳು. ಮುಳ್ಳುಗಳು ಅಲುಗಲಿಲ್ಲ. ಆದರೆ ಪೆಟ್ರೋಲಿನ ಮುಳ್ಳು ಬುಡದಲ್ಲೇ ನಿಂತಿತ್ತು. ಅಕ್ಕ ರೆಕ್ಕೆ ಹತ್ತಿ ಟ್ಯಾಂಕಿಗೆ ಅಳತೆಕಡ್ಡಿ ಇಳಿಸಿದಳು. ತುದಿಯಷ್ಟೇ ಒದ್ದೆಯಾಯಿತು.

"ನಿನ್ನೆ ಸಂಜೆ ದೀಪ ಹಾಕ್ಕೊಂಡು, ಅರ್ಧ ಟ್ಯಾಂಕ್ ಇದೆ ಅಂತ ನಂಬ್ಕೊಂಡು ಬೆಟ್ಟ ದಾಟಿ ಬಂದೆ ಕಣೇ," ಎಂದಳು.

ಹೊರಡುವ ಮುಂಚೆ ಕಡ್ಡಿ ಯಾಕೆ ಅದ್ದಲಿಲ್ಲ ಎಂದು ಬೈಯಲು ಬಾಯಿ ತೆರೆದಿದ್ದ ತಂಗಿ, ಅಕ್ಕನ ಮುಖ ನೋಡಿ ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡಳು. ಕೈ ಒರೆಸಿಕೊಂಡು ಪೆಟ್ರೋಲ್ ಡಬ್ಬ ತರಲು ಹೋದಳು.