ಸದ್ದು ನಿಂತ ಗಾಲಿ

ಕನಕರಾಯನ ಅಂಬಾಸಿಡರ್ ಎಡಕ್ಕೆ ತಿರುಗುವಾಗ ಮಾತ್ರ ಕಿರುಗುಟ್ಟುತ್ತಿತ್ತು. ನೇರ ಹೋದರೆ ಸದ್ದಿಲ್ಲ, ಬಲಕ್ಕೆ ತಿರುಗಿದರೂ ಇಲ್ಲ. ರಾಯಚೂರಿನಲ್ಲಿ ಬಿ.ಎಸ್ಸಿ. ಓದಿ ಬಾಡಿಗೆ ಕಾರು ಓಡಿಸುತ್ತಿದ್ದ ಅವನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ: ಎಷ್ಟು ಜನ ಕೂತಾಗ, ಎಷ್ಟು ವೇಗದಲ್ಲಿ, ತಂಪು ಹೊತ್ತಿನಲ್ಲೋ ಬಿಸಿಲಿನಲ್ಲೋ. ಎಡಕ್ಕೆ ತಿರುಗಿದರೆ ಭಾರ ಬಲಕ್ಕೆ ವಾಲುತ್ತದೆ, ಆದ್ದರಿಂದ ದೋಷ ಬಲಗಡೆಯ ಮುಂದಿನ ಗಾಲಿಯಲ್ಲಿ ಎಂಬಲ್ಲಿಗೆ ಅವನ ತರ್ಕ ಬಂದು ನಿಂತಿತ್ತು. ಅಲ್ಲಿಗೆ ತಿಂಗಳು ತಿಂಗಳು ತಾನೇ ಗ್ರೀಸ್ ಹೊಡೆಯುತ್ತಿದ್ದ. ಅದಕ್ಕೂ ತಾರೀಖು ಬರೆದಿದ್ದ.

೧೯೮೧ರ ಮಾರ್ಚಿನಲ್ಲಿ ದೇವದುರ್ಗದ ಗಂಡನ ಮನೆಯಿಂದ ತಂಗಿ ಮಾರೆಮ್ಮನನ್ನು ರಾಯಚೂರಿಗೆ ಕರೆತರಬೇಕಾಯಿತು. ಮೊದಲ ಬಸುರು ಏಳನೇ ತಿಂಗಳಿಗೆ ಕಳೆದುಹೋಗಿತ್ತು. ಈ ಸಲ ದಿನ ತುಂಬುವ ಮೊದಲೇ ಬಂದು ದವಾಖಾನೆಯ ಹತ್ತಿರ ಇರಬೇಕು, ದಾರಿಯಲ್ಲಿ ಕುಲುಕಾಟ ಕೂಡದು ಎಂದು ಡಾಕ್ಟರಮ್ಮ ಹೇಳಿದ್ದರು. ಬಾಣಂತನಕ್ಕೆಂದು ತಾಯಿ ಹಣಮಮ್ಮನನ್ನೂ ಮಾನ್ವಿಯಲ್ಲಿ ಹತ್ತಿಸಿಕೊಳ್ಳುವುದಿತ್ತು. ಹೋಗುವಾಗ ಮಾನ್ವಿಯಲ್ಲಿ ಗಾಡಿ ರಿಪೇರಿಯ ಅಲ್ಲಾಉದ್ದೀನ್ ಮಿಸ್ತ್ರಿಯ ಶೆಡ್ಡು ಇನ್ನೂ ತೆರೆದಿರಲಿಲ್ಲ. ಹಿಂದಿನ ಮನೆಯಲ್ಲಿದ್ದ ಮಿಸ್ತ್ರಿಯ ಹೆಂಡತಿ ಗುಲ್ಶನ್ ಬೇಗಂಗೆ, "ವಾಪಸ್ ಬರೂವಾಗ ಗಾಡಿ ತೋರಿಸ್ತೀನಿ" ಎಂದು ಹೇಳಿ ಮುಂದೆ ನಡೆದಿದ್ದ.

ದೇವದುರ್ಗದಲ್ಲಿ ಊಟ ಮುಗಿಸಿ ಹೊರಟಾಗ ಒಂದು ಆಶ್ಚರ್ಯ. ಊರು ದಾಟುವ ತಿರುವಿನಲ್ಲಿ ಸದ್ದಿಲ್ಲ. ಸಿರವಾರದ ತಿರುವಿನಲ್ಲೂ ಇಲ್ಲ. ಬೆಳಿಗ್ಗೆಯಿಂದ ಬಿಗಿದಿದ್ದ ಅವನ ಹೆಗಲು ಸಡಿಲಾಯಿತು. ಮಾನ್ವಿಗೆ ಬಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದು, ಕೊಟ್ಟ ಮಾತು ತಪ್ಪಬಾರದೆಂದು ಮಾತ್ರ.

"ಇನ್ನ ಬ್ಯಾಡ ಮಿಸ್ತ್ರಿ, ಸದ್ದು ತಾನ ಹೋಗ್ಯದ."

"ತಾನ ಹೋಗ್ಯದ?" ಅಲ್ಲಾಉದ್ದೀನ್ ಕೈಯಲ್ಲಿದ್ದ, ಬೋಲ್ಟು ಬಿಚ್ಚುವ ಪಾನೆಯನ್ನು ಕೆಳಗಿಟ್ಟ. "ಬಿ.ಎಸ್ಸಿ. ಓದೀರಿ. ರಿಪೇರಿ ಇಲ್ದ ಕಬ್ಬಿಣ ತಾನ ಆರಾಮ ಆಗ್ತದಂತ ಯಾವ ಪುಸ್ತಕದಾಗ ಬರದಾರ?"

ಕನಕರಾಯ ಬಲಗಡೆಯ ಮುಂದಿನ ಗಾಲಿ ತೋರಿಸಿದ. ಮಾರೆಮ್ಮನನ್ನು ಇಳಿಸಿ ನೆರಳಿಗೆ ಕೂರಿಸಿದರು. ಗುಲ್ಶನ್ ಬೇಗಂ ಚಹಾ ತಂದಳು. ಮಿಸ್ತ್ರಿ ಜಾಕ್ ಹಾಕಿ ಬಲ ಗಾಲಿಯನ್ನು ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದ. ಅಲುಗಬಾರದ ಗಾಲಿ ಹಾಲುಹಲ್ಲಿನಂತೆ ಅಲುಗಿತು. ಒಳಗೆ ಕೈ ಹಾಕಿ ತೆಗೆದಾಗ ಬೆರಳಿಗೆ ಕಪ್ಪು ಜಿಡ್ಡು ಅಂಟಿತ್ತು. ಮೂಸಿ ನೋಡಿದ.

"ಇದು ಗ್ರೀಸ್ ಅಲ್ಲ, ಔಡಲೆಣ್ಣಿ. ಯಾರ್ ಹಚ್ಯಾರಿದನ್ನ?"

"ನಮ್ಮ ಮಾವ," ಎಂದಳು ಮಾರೆಮ್ಮ ಸಂಕೋಚದಿಂದ. "ನೀ ಉಣ್ಣೂವಾಗ ಹಚ್ಯಾರ ಅಣ್ಣಾ. ಬಸುರಿ ಕುಂತ ಬಂಡಿ ಕಿರುಗುಟ್ಟಬಾರದು ಅಂತಾರ. ನಮ್ಮನ್ಯಾಗ ಕೀಲೆಣ್ಣಿ ಹಚ್ಚದ ಬಂಡಿ ಹೂಡಂಗಿಲ್ಲ."

ಮಾವ ದುರುಗಪ್ಪ ಎಪ್ಪತ್ತರ ಮುದುಕ. ಕಾರಿನ ಕೆಳಗೆ ತೆವಳಿ, ಬಂಡಿಯ ಅಚ್ಚಿಗೆ ಹಚ್ಚುವ ಹರಳೆಣ್ಣೆಯನ್ನು ಕಂಡ ಕಂಡ ಕೀಲಿಗೆಲ್ಲ ಬಳಿದಿದ್ದ.

"ಮುದುಕಪ್ಪ ಅಳೂ ಕೂಸಿನ ಬಾಯಿ ಮುಚ್ಯಾನ," ಎಂದ ಮಿಸ್ತ್ರಿ, ಬೋಲ್ಟು ಬಿಚ್ಚುತ್ತ.

ಗಾಲಿಯ ಭಾರ ಹೊತ್ತು ತಿರುಗುವ ಪಿನ್ನಿನ ಕೆಳತುದಿ ತಿರುಪು ಮೊಳೆಯಂತಿರುತ್ತದೆ, ಒಂದು ಹಿತ್ತಾಳೆಯ ಗುಂಡಿನೊಳಗೆ ತಿರುಪಿ ಕೂತಿರುತ್ತದೆ. ಅದನ್ನು ಹೊರತೆಗೆಯಲು ಎಂಟು ಹತ್ತು ಸುತ್ತು ತಿರುಗಿಸಬೇಕು. ಅಲ್ಲಾಉದ್ದೀನ್ ಸುಮ್ಮನೆ ಎಳೆದ. ಕೈಗೇ ಬಂತು. ಒಳಗಿನ ಸುರುಳಿಗಳೆಲ್ಲ ಸವೆದು ನುಣುಪಾಗಿದ್ದವು.

ಹಾಗೇ ಹೊರಟಿದ್ದರೆ ಮುಂದಿನ ಯಾವುದೋ ಎಡ ತಿರುವಿನಲ್ಲಿ ಗಾಲಿ ಕಾರಿನ ಕೆಳಗೇ ಮಡಚಿಕೊಳ್ಳುತ್ತಿತ್ತು. ಕನಕರಾಯ ತಂಗಿಯತ್ತ ನೋಡಿದ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಚಹಾ ಆರಿಸುತ್ತಿದ್ದಳು.

"ಆದ್ರ ನಾ ತಿಂಗಳಾ ಗ್ರೀಸ್ ಹೊಡದೀನಲ್ಲ ಮಿಸ್ತ್ರಿ!"

ಮಿಸ್ತ್ರಿ ಗ್ರೀಸ್ ಹೋಗುವ ಸಣ್ಣ ಬಾಯಿಯನ್ನು ಬಿಚ್ಚಿ ಅವನ ಅಂಗೈಗೆ ಹಾಕಿದ. ಎರೆಮಣ್ಣು ಒಣಗಿ ಕಲ್ಲಾಗಿ ಅದರ ತೂತು ಮುಚ್ಚಿಹೋಗಿತ್ತು. ಹೊಡೆದ ಗ್ರೀಸೆಲ್ಲ ಹೊರಗೇ ಉಕ್ಕಿ ಚೆಲ್ಲಿತ್ತು. ಉಕ್ಕಿದ್ದನ್ನು ಕಂಡು ಒಳಗೆ ತುಂಬಿತೆಂದು ಅವನು ಬರೆದುಕೊಂಡಿದ್ದ. "ಗಾಲಿ ಎತ್ತಿ ಹೊಡೀರಿ. ಭಾರ ಕುಂತಿದ್ರ ಸಂದಿ ಬಿಡಂಗಿಲ್ಲ. ಹಳೇದು ಹೊರಗ ಬಂತೋ ಇಲ್ಲೋ ನೋಡ್ರಿ, ಆಮ್ಯಾಲ ಬರೀರಿ."

ಕನಕರಾಯನಿಗೆ ನಾಚಿಕೆಯಾಯಿತು. ದುರುಗಪ್ಪ ಅಡಗಿಸಿದ್ದು ಒಂದು ದಿನದ ಸದ್ದನ್ನು. ಗಾಲಿಯನ್ನು ಒಣಗಿಸಿದ್ದು ತಾನು.

ಮಿಸ್ತ್ರಿ ಸಾಮಾನಿನ ಪೆಟ್ಟಿಗೆಯಲ್ಲಿದ್ದ ಹೊಸ ಪಿನ್ನು, ಹೊಸ ಗುಂಡು ಹಾಕಿದ. ಎಡಗಾಲಿಯನ್ನೂ ಬಿಚ್ಚಿ ನೋಡಿದ, ಅದು ಗಟ್ಟಿಯಿತ್ತು. ಹೊತ್ತು ಇಳಿಯುವ ಮುಂಚೆ ಹಣಮಮ್ಮನನ್ನೂ ಹತ್ತಿಸಿಕೊಂಡು ರಾಯಚೂರು ಸೇರಿದರು. ದಾರಿಯುದ್ದಕ್ಕೂ ಮಾರೆಮ್ಮ ತಾಯಿಯ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಒಂಬತ್ತನೇ ದಿನ ಹೆಣ್ಣು ಹುಟ್ಟಿತು. ಸುದ್ದಿ ಹೇಳಲು ದೇವದುರ್ಗಕ್ಕೆ ಹೊರಟ ಕನಕರಾಯ ಮಾನ್ವಿಯಲ್ಲಿ ಕಾರು ನಿಲ್ಲಿಸಿ, ಮಿಸ್ತ್ರಿಯ ಕೈಗೆ ಸಕ್ಕರೆಯ ಪೊಟ್ಟಣ ಇಟ್ಟ. "ಹೆಣ್ಣು ಹುಟ್ಯದ, ಮಿಸ್ತ್ರಿ," ಎಂದ.

"ಅಲ್ರೀ, ಅಜ್ಜಗ ಇನ್ನೂ ಹೇಳಿಲ್ಲ, ನನಗ ಮದ್ಲ?" ಅಲ್ಲಾಉದ್ದೀನ್ ಗದರಿದ. ಆದರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಒಳಗೆ ಹೆಂಡತಿಗೆ ಕಳಿಸಿದ.

"ಎಣ್ಣಿ ಸಂಗತಿ ಅವರಿಗೆ ಹೇಳಬಾರದು ಅಂತ ಮಾಡೀನಿ, ಮಿಸ್ತ್ರಿ. ಹಿರೇ ಜೀವ, ನೊಂದ್ಕೊಳ್ತದ."

"ಹೇಳ್ರಿ, ಹೇಳ್ರಿ. ಹೇಳದಿದ್ರ ಕೂಸಿನ್ನ ಕರಕೊಂಡು ಹೋದಾಗ ಮತ್ತ ಹಚ್ತಾನ."

ಕನಕರಾಯ ನಕ್ಕು ಕಾರು ಹತ್ತಿದ. ದೇವದುರ್ಗ ಮುಟ್ಟುವವರೆಗೂ ಮಾತು ಜೋಡಿಸುತ್ತ ಹೋದ: ಮೊದಲು ಕೂಸಿನ ಸುದ್ದಿ. ಆಮೇಲೆ, ಆ ವಯಸ್ಸಿನಲ್ಲಿ ಬೆನ್ನು ನೆಲಕ್ಕೆ ಹಚ್ಚಿ ಕಾರಿನ ಕೆಳಗೆ ತೆವಳಿದ್ದಕ್ಕೆ ಒಂದು ನಮಸ್ಕಾರ. ಎಣ್ಣೆಯ ಮಾತು ಅದಾದ ಮೇಲೆ.